ಹಲ್ಲುನೋವು: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ತಣ್ಣೀರು ತಾಗಿ ಹಲ್ಲು ಜುಂ ಎಂದು ಎರಡು ಕ್ಷಣದಲ್ಲಿ ಇಳಿದರೆ ಗಾಬರಿ ಬೇಡ. ಬೇಗ ತೋರಿಸಿದರೆ ಹೆಚ್ಚಾಗಿ ಫಿಲ್ಲಿಂಗ್‌ನಲ್ಲೇ ಮುಗಿಯುತ್ತದೆ. ನೀರು ನುಂಗಿದ ಮೇಲೂ ಅರ್ಧ ನಿಮಿಷ ನೋವು ನಿಂತರೆ, ಬಿಸಿ ಚಹಾ ತಾಳಲಾಗದಿದ್ದರೆ, ರಾತ್ರಿ ಮಲಗಿದೊಡನೆ ಮಿಡಿಯತೊಡಗಿದರೆ ಹುಳುಕು ನರಕ್ಕೆ ಮುಟ್ಟಿರುವ ಸಾಧ್ಯತೆ ಹೆಚ್ಚು. ಆಗ ರೂಟ್ ಕೆನಾಲ್ ಮಾಡಿಸಬೇಕು, ಇಲ್ಲವೇ ಕೀಳಿಸಬೇಕು. ಮೆಡಿಕಲ್‌ನಲ್ಲಿ ಕೇಳಿ ತಂದ ಆ್ಯಂಟಿಬಯೋಟಿಕ್ ಇದಕ್ಕೆ ದಂಡ.

ಮಿಡಿತ ತಾನಾಗಿ ನಿಂತಿತೆಂದು ಖುಷಿಪಡಬೇಡಿ. ನರ ಸತ್ತಿರಬಹುದು, ಮುಂದೆ ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ.

ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆ ಗಟ್ಟಿ ಅಡಿಕೆ ಜಗಿಯುವವರು ಗಮನಿಸಿ: ಕಚ್ಚಿ ಬಿಡುವಾಗ ಚುಚ್ಚಿದಂತಾದರೆ ಹಲ್ಲು ಬಿರುಕು ಬಿಟ್ಟಿರಬಹುದು. ಇದು ಎಕ್ಸ್‌ರೇಯಲ್ಲಿ ಕಾಣದೇ ಹೋಗುವುದುಂಟು. ಯಾವ ಹಲ್ಲು, ಯಾವ ಬದಿ ಎಂದು ಡಾಕ್ಟರಿಗೆ ಸರಿಯಾಗಿ ಹೇಳಿ.

ಡಾಕ್ಟರಿಗೆ ತೋರಿಸುವವರೆಗೆ, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ಲವಂಗದೆಣ್ಣೆಯಾದರೆ ಹತ್ತಿಗೆ ಒಂದು ಹನಿ, ಹುಳುಕಿನ ಗುಂಡಿಗೆ ಮಾತ್ರ. ವಸಡಿಗೆ ತಾಗಿದರೆ ಸುಡುತ್ತದೆ. ಆಸ್ಪಿರಿನ್ ಮಾತ್ರೆ ಹಲ್ಲಿನ ಬಳಿ ಇಟ್ಟುಕೊಂಡು ಬಾಯಿ ಹುಣ್ಣು ಮಾಡಿಕೊಳ್ಳುವವರು ಈಗಲೂ ಇದ್ದಾರೆ! ಕೆನ್ನೆಗೆ ಬಿಸಿ ಶಾಖವೂ ಬೇಡ.

ಕೆನ್ನೆ ಊದಿ ಜ್ವರ ಬಂದರೆ ಅದೇ ದಿನ ತೋರಿಸಿ. ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ, ಊತ ಗಂಟಲಿಗೋ ಕಣ್ಣಿನತ್ತಲೋ ಹರಡಿದರೆ ಕ್ಲಿನಿಕ್ ತೆರೆಯಲು ಕಾಯದೆ, ನಡುರಾತ್ರಿಯಾದರೂ ದೊಡ್ಡ ಆಸ್ಪತ್ರೆಯ ಕ್ಯಾಶುವಾಲಿಟಿಗೆ ಹೋಗಿ.