ಮಳೆ ಬಿಟ್ಟ ಮೇಲೆ ವಿಮಾನ ಬಿಚ್ಚಿ: ಮಲೆನಾಡಿನಲ್ಲಿ ವರ್ಷದ ತಪಾಸಣೆ

ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ ಆಗಬೇಕು. ಅಮೆರಿಕದಲ್ಲಿ ಇದಕ್ಕೆ 12 ತಿಂಗಳ ಲೆಕ್ಕ. ಕಟ್ಟಿದವರೇ ರಿಪೇರ್‌ಮನ್ ಸರ್ಟಿಫಿಕೇಟ್ ತಗೊಂಡು ತಮ್ಮ ವಿಮಾನಕ್ಕೆ ತಾವೇ ಸಹಿ ಹಾಕಬಹುದು. ಅಲ್ಲಿಯವರ ವಿಡಿಯೊಗಳನ್ನು ನೋಡಿ ಇಲ್ಲೂ ಹಾಗೇ ಅಂದುಕೊಳ್ಳಬೇಡಿ. ನಿಮಗೆ ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಟ್ಟ ಪರ್ಮಿಟ್‌ನಲ್ಲಿ ಏನು ಷರತ್ತು ಇದೆ, ಯಾರು ಸಹಿ ಹಾಕಬೇಕು ಅಂತ ಸ್ಪ್ಯಾನರ್ ಹಿಡಿಯುವ ಮೊದಲೇ ಓದಿಕೊಳ್ಳಿ.

ಯಾವಾಗ ಮಾಡಬೇಕು? ದಸರಾ ಮುಗಿದು, ಅಡಿಕೆ ಕೊಯ್ಲಿನ ಗಡಿಬಿಡಿ ಏರುವ ಮೊದಲು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ, ಶಿವಮೊಗ್ಗ ಊರಲ್ಲಿ ಅಷ್ಟಿಲ್ಲ ನಿಜ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲಿರುವ ತೇವ ಹ್ಯಾಂಗರ್ ಬಾಗಿಲು ಹಾಕಿದರೂ ಒಳಗೆ ಬಂದೇ ಬರುತ್ತದೆ. ಮಳೆಗಾಲಕ್ಕೆ ಮೊದಲು ತಪಾಸಣೆ ಮಾಡಿದರೆ ಮಳೆ ಮಾಡಿದ ಹಾಳು ಮುಂದಿನ ವರ್ಷದ ತನಕ ಕಾಣುವುದೇ ಇಲ್ಲ.

ಮೊದಲು ತೊಳೆಯಬೇಡಿ. ಕೊಳೆಯಲ್ಲೇ ಸುದ್ದಿ ಇರುತ್ತದೆ. ಎಣ್ಣೆ ಎಲ್ಲಿಂದ ಸೋರಿದೆ, ಯಾವ ರಿವೆಟ್ ಸುತ್ತ ಕಪ್ಪು ಗೆರೆ ಎಳೆದಿದೆ (ಅದು ಸಡಿಲವಾಗಿ ಅಲುಗುತ್ತಿದೆ ಅಂತ ಅರ್ಥ), ಎಲ್ಲ ಫೋಟೊ ತೆಗೆದುಕೊಂಡು ಆಮೇಲೆ ತೊಳೆಯಿರಿ. ನಂತರ ಕೌಲಿಂಗ್ (ಎಂಜಿನ್ ಮುಚ್ಚಳ), ಸೀಟು, ರೆಕ್ಕೆಯ ಮುಚ್ಚಳಗಳು, ಎಲ್ಲವನ್ನೂ ಬಿಚ್ಚಿ. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ಉಕ್ಕಿನ ಕೊಳವೆಯ ತಗ್ಗಿನ ತುದಿಯಲ್ಲಿ ತುಕ್ಕು, ಪ್ಲೈವುಡ್ ಅಂಟು ಬಿಟ್ಟ ಅಂಚು ಹುಡುಕಿ. ನೀರು ಹೋಗುವ ತೂತುಗಳಿಗೆ ತಂತಿ ಹಾಕಿ ನೋಡಿ. ಗಾಳಿಯ ಒತ್ತಡದಿಂದ ವೇಗ ತಿಳಿಸುವ ಪಿಟಾಟ್ ಕೊಳವೆಯಲ್ಲಿ ಕಣಜ ಮಣ್ಣು ಮೆತ್ತಿರಬಹುದು, ಆದರೆ ವೇಗದ ಮೀಟರ್ ಜೋಡಿಸಿದ್ದಾಗ ಬಾಯಿಂದ ಜೋರಾಗಿ ಊದಬೇಡಿ, ಮೀಟರೇ ಹೋಗುತ್ತದೆ. ಇಲಿ ಬಂದಿದ್ದರೆ ಗೂಡು ತೆಗೆದರೆ ಸಾಲದು, ಅದರ ಮೂತ್ರ ಲೋಹವನ್ನು ತಿನ್ನುತ್ತದೆ, ವೈರ್ ಬೇರೆ ಕಡಿದಿರುತ್ತದೆ.

ಮರದ ಪ್ರೊಪೆಲ್ಲರ್ ಇದ್ದವರು ಇಲ್ಲಿ ಸ್ವಲ್ಪ ನಿಲ್ಲಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ವಾಷರ್ ಕೆಳಗೆ ನಾರು ಜಜ್ಜಿ ಹೋಗುತ್ತದೆ. ಫೆಬ್ರವರಿ, ಮಾರ್ಚ್ ಬಿಸಿಲಿಗೆ ಅದೇ ಮರ ಕುಗ್ಗಿದಾಗ ಬೋಲ್ಟ್ ಬಿಗಿ ತಪ್ಪುತ್ತದೆ. ಪ್ರೊಪೆಲ್ಲರ್ ಫ್ಲ್ಯಾಂಜ್ (ಅದನ್ನು ಎಂಜಿನ್ನಿಗೆ ಕೂರಿಸುವ ತಟ್ಟೆ) ಮೇಲೆ ಜರುಗಿ ಉಜ್ಜಿ ಉಜ್ಜಿ ನಡುಭಾಗದ ಹಬ್ ಸುಟ್ಟು ಕಪ್ಪಾಗುತ್ತದೆ, ಕೊನೆಗೆ ಬೋಲ್ಟೇ ಮುರಿಯಬಹುದು. ಹಾಗಾಗಿ ವರ್ಷಕ್ಕೊಂದು ಸಲ ಅನ್ನುವ ಲೆಕ್ಕ ನಮ್ಮ ಕಡೆ ಇದಕ್ಕೆ ಸಾಲದು. ಋತು ಬದಲಾದಾಗೆಲ್ಲ ತಯಾರಕರು ಕೊಟ್ಟ ಅಂಕಿಗೆ ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್ ಹಾಕಿ ನೋಡಿ. ಇಗ್ನಿಷನ್ ಆಫ್ ಮಾಡಿ, ಪ್ಲಗ್ ಬಿಚ್ಚಿಟ್ಟು ಆಮೇಲೆ ಮುಟ್ಟಿ.

ಇನ್ನು ಪೆಟ್ರೋಲ್. ಸಣ್ಣ ವಿಮಾನಗಳಲ್ಲಿ ಹೆಚ್ಚಾಗಿ ಕಾಣುವ ರೋಟಾಕ್ಸ್ 912 ಎಂಜಿನ್‌ಗೆ ಒಪ್ಪಿಗೆ ಇರುವುದು ಶೇ. 10ರಷ್ಟು ಎಥನಾಲ್ ತನಕ ಮಾತ್ರ, ಬಂಕ್‌ನಲ್ಲಿ ಈಗ ಸಿಗುವುದು ಶೇ. 20ರದ್ದು. ಎಥನಾಲ್ ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ, ಜಾಸ್ತಿ ಆದರೆ ನೀರು ಸೇರಿದ ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತದೆ. ಮಳೆಗಾಲವಿಡೀ ನಿಂತ ಪೆಟ್ರೋಲನ್ನು ಪೂರ್ತಿ ಇಳಿಸಿ, ವಿಮಾನಕ್ಕೆ ಮತ್ತೆ ಹಾಕಲೇಬೇಡಿ. ಕಾರ್ಬುರೇಟರಿನೊಳಗೆ ತೇಲುತ್ತ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್‌ಗಳನ್ನು ತೂಕ ಹಾಕಿ, ಒಂದು ಕಾರ್ಬುರೇಟರಿನ ಜೋಡಿ 7 ಗ್ರಾಂ ಮೀರಬಾರದು. ಮೀರಿದರೆ ಅದು ಪೆಟ್ರೋಲ್ ಹೀರಿ ಮುಳುಗುತ್ತಿದೆ, ಬದಲಿಸಿ. ರಬ್ಬರ್ ಹೋಸ್‌ಗಳು ನೋಡಲು ಹೊಸದರಂತಿದ್ದರೂ 5 ವರ್ಷಕ್ಕೆ ಬದಲಿಸಬೇಕು. ಆಯಿಲ್ ಫಿಲ್ಟರ್ ಎಸೆಯುವ ಮೊದಲು ಕತ್ತರಿಸಿ, ಮಡಿಕೆ ಬಿಡಿಸಿ, ಮ್ಯಾಗ್ನೆಟ್ ಆಡಿಸಿ ಲೋಹದ ಚೂರು ಇದೆಯಾ ನೋಡಿ.

ಕಂಟ್ರೋಲ್ ಕೇಬಲ್ ಮೇಲೆ ಬಟ್ಟೆ ಎಳೆಯಿರಿ, ಎಳೆ ಕಿತ್ತಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಪುಲ್ಲಿ ಹತ್ತಿರ ಜಾಸ್ತಿ ಗಮನ ಕೊಡಿ. ನಟ್ ಕಳಚದಂತೆ ತಡೆಯುವ ಕಾಟರ್ ಪಿನ್ ಬಿಚ್ಚಿದರೆ ಅದನ್ನೇ ಮತ್ತೆ ಹಾಕಬೇಡಿ. ಟೈರ್, ಬ್ರೇಕ್, ಬ್ಯಾಟರಿ ಬಗ್ಗೆ ಏನು ಹೇಳುವುದು, ನಿಮಗೇ ಗೊತ್ತಿರುತ್ತದೆ.

ಮುಚ್ಚುವ ಮೊದಲು ಟೂಲ್ ಎಣಿಸಿ, ಇನ್ನೊಬ್ಬರನ್ನು ಕರೆದು ತೋರಿಸಿ. ಕಟ್ಟಿದವರ ಕಣ್ಣಿಗೆ ತಮ್ಮ ಕೆಲಸ ಯಾವಾಗಲೂ ಸರಿಯಾಗೇ ಕಾಣುತ್ತದೆ ಅಲ್ವಾ? ಸ್ಟಿಕ್ ಬಲಕ್ಕೆ ತಳ್ಳಿದರೆ ಬಲಗಡೆಯ ಏಲೆರಾನ್ (ರೆಕ್ಕೆಯ ಹಿಂದಂಚಿನಲ್ಲಿ ಅಲುಗುವ ಪಟ್ಟಿ) ಮೇಲೇಳಬೇಕು, ಇದನ್ನು ಅವರು ಹೊರಗೆ ನಿಂತು ಗಟ್ಟಿಯಾಗಿ ಹೇಳಲಿ. ನೆಲದಲ್ಲಿ ಎಂಜಿನ್ ಓಡಿಸಿ, ಕೌಲಿಂಗ್ ತೆಗೆದು ಸೋರಿಕೆ ನೋಡಿ. ಶಿವಮೊಗ್ಗ ವಿಮಾನ ನಿಲ್ದಾಣ ಇರುವ ಸೋಗಾನೆಯಲ್ಲಿ 3,200 ಮೀಟರ್ ರನ್‌ವೇ ಇದೆ ಅಂತ ಆಸೆ ಆಗುವುದು ಸಹಜ, ಆದರೆ ಅನುಮತಿ ಇಲ್ಲದೆ ಸುಮ್ನೆ ಹೋಗಿ ಪರೀಕ್ಷೆ ಮಾಡುವ ಜಾಗ ಅದಲ್ಲ. ಪರ್ಮಿಟ್ ಹೇಳಿದ ಕಡೆಯಿಂದಲೇ ಹಾರಿ. ಮೊದಲ ಹಾರಾಟಕ್ಕೆ ಪಕ್ಕದ ಸೀಟು ಖಾಲಿ ಇರಲಿ, ರನ್‌ವೇ ಕಾಣುವಷ್ಟು ಹತ್ತಿರದಲ್ಲೇ ಸುತ್ತಿ, ಇಳಿದು ಇನ್ನೊಂದು ಸಲ ಕೌಲಿಂಗ್ ಬಿಚ್ಚಿ ನೋಡಿದ ಮೇಲೆ ಲಾಗ್‌ಬುಕ್ ಬರೆಯಿರಿ.