ಉಪ್ಪಿನ ಭರಣಿಯ ಲೆಕ್ಕ

ನಮ್ಮನೆಯವರಿಗೆ ಬಿಪಿ ಅಂತ ಗೊತ್ತಾದ ವಾರವೇ ಮಗ ಬೆಂಗಳೂರಿಂದ ಗುಲಾಬಿ ಬಣ್ಣದ ಸೈಂಧವ ಉಪ್ಪು ತಂದಿಟ್ಟ. ಇದನ್ನು ಎಷ್ಟು ಹಾಕಿದರೂ ತೊಂದರೆ ಇಲ್ಲಮ್ಮ ಅಂದ. ಹಾಗೇನಿಲ್ಲ. ಅದರಲ್ಲಿರುವುದೂ ಹೆಚ್ಚೂಕಮ್ಮಿ ಪೂರ್ತಿ ಸೋಡಿಯಂ ಕ್ಲೋರೈಡೇ. ನಾವು ಚಿಕ್ಕಂದಿನಿಂದ ತಿಂದ ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಕಲ್ಲುಪ್ಪೂ ಅಷ್ಟೇ. ಆ ಉಪ್ಪಿನ ಗದ್ದೆಯ ಉಪ್ಪೆಂದರೆ ನನಗೆ ಪ್ರೀತಿ, ಆದರೆ ಪ್ರೀತಿಗೆ ಬಿಪಿ ಇಳಿಯುವುದಿಲ್ಲವಲ್ಲ. ಅಯೋಡಿನ್ ಸೇರಿಸದ ಉಪ್ಪಾದರೆ ಅದೊಂದು ಬೇರೆ ನಷ್ಟ.

ಹಾಗಾಗಿ ನಾನು ಉಪ್ಪು ಬದಲಿಸಲಿಲ್ಲ, ಭರಣಿ ಬದಲಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ ಇರಬೇಕು. ಅಂದರೆ ಮಟ್ಟಸವಾಗಿ ತುಂಬಿದ ಒಂದು ಟೀ ಚಮಚಕ್ಕಿಂತ ಕಮ್ಮಿ. ನಾವಿಬ್ಬರೇ ಇರುವ ಮನೆಗೆ ತಿಂಗಳಿಗೆ 300 ಗ್ರಾಂ ಮಿತಿ. ನಮ್ಮಲ್ಲಿ ಒಂದು ಕಿಲೋ ಪ್ಯಾಕೆಟ್ ಮುಗಿಯುತ್ತಿತ್ತು! ಬಂದುಹೋದವರ ಊಟ, ಉಪ್ಪಿನಕಾಯಿಗೆ ಹಾಕಿದ್ದು ಎಲ್ಲ ಕಳೆದರೂ ಜಾಸ್ತಿಯೇ ಅಲ್ವಾ? ಈಗ ಒಂದನೇ ತಾರೀಖು 200 ಗ್ರಾಂ ತೂಗಿ ಸಣ್ಣ ಭರಣಿಗೆ ಹಾಕುತ್ತೇನೆ. ಬಾಕಿ 100 ಗ್ರಾಂ ಹಪ್ಪಳ, ಬ್ರೆಡ್ಡು, ಖಾರಾಸೇವೆಯ ಒಳಗೆ ಅಡಗಿ ಬಂದೇ ಬರುತ್ತದೆ. ಮೊದಲ ತಿಂಗಳು 19ನೇ ತಾರೀಖಿಗೇ ಭರಣಿ ಖಾಲಿ.

ಆಮೇಲೆ ದಾರಿ ಸಿಕ್ಕಿತು. ಅನ್ನಕ್ಕೆ, ಚಪಾತಿ ಹಿಟ್ಟಿಗೆ ಉಪ್ಪು ಬಿಟ್ಟೆ. ಯಾರಿಗೂ ಗೊತ್ತಾಗಲಿಲ್ಲ. ಸಾರಿಗೆ ಉಪ್ಪು ಕೊನೆಗೆ ಹಾಕಿ, ಇಳಿಸಿದ ಮೇಲೆ ಅರ್ಧ ಲಿಂಬೆ ಹಿಂಡುತ್ತೇನೆ. ಹುಳಿ ಮುಂದಾದರೆ ಉಪ್ಪಿನ ಕೊರತೆ ನಾಲಿಗೆಗೆ ಹಿಡಿಯುವುದಿಲ್ಲ. ಒಂದೆಲಗದ ತಂಬುಳಿಗೆ ಕಾಳುಮೆಣಸು, ಜೀರಿಗೆ ಸ್ವಲ್ಪ ಹೆಚ್ಚು ಹುರಿದು ಅರೆದರೆ ಚಿಟಿಕೆ ಉಪ್ಪು ಸಾಕು. ಮಜ್ಜಿಗೆಗೆ ಉಪ್ಪೇ ಬೇಡ, ಶುಂಠಿ ಜಜ್ಜಿ ಹಾಕಿ. ಮೂರ್ನಾಲ್ಕು ವಾರ ಇವರು ಗೊಣಗಿದರು. ಈಗ ಮದುವೆ ಮನೆ ಊಟ ಮಾಡಿ ಬಂದರೆ ಉಪ್ಪುಪ್ಪು ಅಂತ ಚೊಂಬುಗಟ್ಟಲೆ ನೀರು ಕುಡಿಯುತ್ತಾರೆ.

ಸೋಡಿಯಂ ಕಮ್ಮಿ ಇರುವ ಉಪ್ಪು ಅಂಗಡಿಯಲ್ಲಿ ಸಿಗುತ್ತದೆ. ಬಿಪಿಗೆ ಅದರಿಂದ ಅನುಕೂಲವೂ ಇದೆ. ಆದರೆ ಡಾಕ್ಟರನ್ನು ಕೇಳದೆ ಸುಮ್ನೆ ತರಬೇಡಿ. ಅದರಲ್ಲಿ ಸೋಡಿಯಂ ಬದಲು ಒಂದಷ್ಟು ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ, ಬಿಪಿಯ ಕೆಲವು ಮಾತ್ರೆ ತಗೊಳ್ಳುವವರಿಗೆ ಅದು ಮೈಯಲ್ಲಿ ಏರಿ ಹೃದಯಕ್ಕೇ ಅಪಾಯ. ನನ್ನ ನಾದಿನಿಗೆ ಕಿಡ್ನಿ ತೊಂದರೆ ಇರುವುದರಿಂದ ಡಾಕ್ಟರು ಖಡಾಖಂಡಿತ ಬೇಡ ಅಂದರು. ಉಪ್ಪು ಕಮ್ಮಿ ಮಾಡಿದೆವು ಅಂತ ಮಾತ್ರೆ ನಿಲ್ಲಿಸುವುದೂ ಬೇಡ.

ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಇವರಿಗೆ ಬಿಡಲಾಗಲಿಲ್ಲ. ಒಂದು ಮಿಡಿಯನ್ನು ನಾಲ್ಕು ಹೋಳು ಮಾಡಿ, ರಸ ಸೋರಿಸಿ, ದಿನಕ್ಕೊಂದು ಹೋಳು ಬಡಿಸುತ್ತೇನೆ. ಮೊನ್ನೆ ನಾನು ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಮೂರು ಹೋಳು ಮಾಯ. ಬೆಕ್ಕು ತಿಂದಿರಬೇಕು ಅಂದರು.