ಕಾಲು ಒದ್ದೆಯಾದ ಮೇಲೆ ಸಿಕ್ಕ ಆಂಜೆಲಿಕಾ

ಕೊತ್ತಂಬರಿ, ಜೀರಿಗೆ, ಓಂಕಾಳು, ಸಬ್ಬಸಿಗೆ ಎಲ್ಲ ಒಂದೇ ಕುಟುಂಬ. ಹೂ ಬಿಟ್ಟರೆ ಎಲ್ಲಕ್ಕೂ ಕೊಡೆ ಬಿಚ್ಚಿದ ಹಾಗೆ ತಲೆ. ಹಿತ್ತಲಲ್ಲಿ ಸಬ್ಬಸಿಗೆ ನೋಡಿ ಬೆಳೆದ ನನಗೆ, ಅದೇ ಕುಟುಂಬದ, ಇಂಗ್ಲೆಂಡಿನ ಕಾಡು ಆಂಜೆಲಿಕಾ ಗಿಡ ಹುಡುಕೋದು ಏನು ಮಹಾ ಅನ್ನಿಸಿತ್ತು. ಮೊದಲ ವರ್ಷವೇ ಏಮಾರಿದೆ.

ಜೂನ್ ತಿಂಗಳು. ಕಾಲುವೆ ದಡದಲ್ಲಿ ಎದೆಯೆತ್ತರದ ಗಿಡ, ಬಿಳಿ ಕೊಡೆಗಳು. ಎಲೆ ಕಿವುಚಿದರೆ ಪಾರ್ಸ್ಲಿ ವಾಸನೆ. ಖುಷಿಯಲ್ಲಿ ಒಂದು ಕಟ್ಟು ಕಿತ್ತು ಮನೆಗೆ ತಂದೆ. ಪುಸ್ತಕ ತೆರೆದು ನೋಡಿದರೆ ಅದು ಹೆಮ್ಲಾಕ್ ವಾಟರ್ ಡ್ರಾಪ್‌ವರ್ಟ್! ಬ್ರಿಟನ್ನಿನ ಅತಿ ವಿಷದ ಗಿಡಗಳಲ್ಲಿ ಒಂದು. ಬೇರು ತಿಂದರೆ ದನವೂ ಸಾಯುತ್ತದೆ. ಆವತ್ತು ಕೈ ತೊಳೆದಿದ್ದೇ ತೊಳೆದಿದ್ದು.

ಆಮೇಲೆ ಹೂವಿಗೆ ಮರುಳಾಗೋದು ಬಿಟ್ಟು ತೊಟ್ಟು ನೋಡೋಕೆ ಶುರು ಮಾಡಿದೆ. ಆಂಜೆಲಿಕಾ ಎಲೆಯ ತೊಟ್ಟಿನ ಮೇಲ್ಗಡೆ ಉದ್ದಕ್ಕೂ ದೋಣಿಯಂಥ ತಗ್ಗು. ತೊಟ್ಟು ಕಾಂಡಕ್ಕೆ ಸೇರುವಲ್ಲಿ ಚೀಲದ ಹಾಗೆ ಉಬ್ಬು. ಎಳೆ ಹೂಗೊಂಚಲು ಅದರೊಳಗೇ ಮುದುರಿ ಕೂತಿರುತ್ತದೆ, ಥೇಟ್ ಹಾಳೆಯೊಳಗಿನ ಅಡಿಕೆ ಹಿಂಗಾರದ ಹಾಗೆ. ಕಾಂಡಕ್ಕೆ ನೇರಳೆ ಬಣ್ಣ ಬಳಿದುಕೊಂಡಂತೆ ಇರುತ್ತದೆ. ಬಣ್ಣ ಬಿಡಿ ಬಿಡಿ ಮಚ್ಚೆಯಾಗಿದ್ದು ಇಲಿ ವಾಸನೆ ಬಂದರೆ ಅದು ಹೆಮ್ಲಾಕ್ ಅನ್ನೋ ಇನ್ನೊಂದು ವಿಷದ ಗಿಡ, ಮುಟ್ಟಬೇಡಿ.

ಕಾಲವೂ ಮುಖ್ಯ. ಆಂಜೆಲಿಕಾ ಅರಳೋದು ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಆಗಸ್ಟಿನಲ್ಲಿ ಕೇಂಬ್ರಿಡ್ಜ್‌ಶೈರಿನ ವಿಕೆನ್ ಫೆನ್ ಜೌಗಿಗೆ ಹೋದೆ. ಬೂಟಿನೊಳಗೆ ನೀರು ನುಗ್ಗಿತು. ಮೆಡೋಸ್ವೀಟ್ ಅನ್ನೋ ಜೌಗಿನ ಗಿಡದ ಪಕ್ಕದಲ್ಲೇ ನನಗಿಂತ ಎತ್ತರದ ಗಿಡ, ನಸುಗೆಂಪು ಬೆರೆತ ಬಿಳಿ ಹೂ, ಮೇಲೆ ನೊಣ, ಕಣಜಗಳ ಸಂತೆ. ತೊಟ್ಟು ನೋಡಿದೆ. ತಗ್ಗು ಇತ್ತು!

ಆಮೇಲಿಂದ ಒಣ ಹೊಲದಲ್ಲಿ ಹುಡುಕೋದೇ ಇಲ್ಲ. ಹಳ್ಳದ ದಂಡೆ, ನೀರು ನಿಲ್ಲುವ ಹುಲ್ಲುಗಾವಲು, ಒದ್ದೆ ಕಾಡು, ಅಷ್ಟೇ. ಸಮುದ್ರದಂಚಿನ ಬಂಡೆಗಳಲ್ಲೂ ಬೆಳೆಯುತ್ತದೆ.

ಲಂಡನ್ನಿನ ಥೇಮ್ಸ್ ದಡದಲ್ಲಿ ಸಿಗುವ ದಪ್ಪ ಕಾಂಡದ, ಹಸಿರು ಹೂವಿನ ಆಂಜೆಲಿಕಾ ಬೇರೆ ಜಾತಿ. ಸ್ಕ್ಯಾಂಡಿನೇವಿಯಾ, ಐಸ್‌ಲ್ಯಾಂಡ್ ಕಡೆಯದು. ಕೇಕಿನ ಮೇಲಿಡುವ ಸಕ್ಕರೆ ಪಾಕದ ಹಸಿರು ತುಂಡು ಅದರದ್ದೇ. ಇಷ್ಟೆಲ್ಲ ಕಲಿತರೂ ನಾನು ಕಾಡಿನದು ಯಾವುದನ್ನೂ ಬಾಯಿಗಿಟ್ಟಿಲ್ಲ. ಕೇಕಿನ ತುಂಡು ಅಂಗಡಿಯಲ್ಲೇ ಸಿಗುತ್ತದೆ ಅಲ್ವಾ?